‘ಟೆನ್ಷನ್ ಬಿಡು, ತಾನಾಗೇ ಆಗತ್ತೆ’ ಅನ್ನೋರಿಗೆ

ಮಕ್ಕಳಾಗಲಿಲ್ಲ ಅಂತ ಚಿಕಿತ್ಸೆ ತಗೊಳ್ತಿರೋ ಹೆಣ್ಣಿಗೆ ಸಿಕ್ಕವರೆಲ್ಲ ಹೇಳೋದು ಇದೊಂದೇ ಮಾತು. ಕೇಳೋಕೆ ಸಮಾಧಾನ, ಒಳಗಿರೋದು ಆರೋಪ: ಆಗಲಿಲ್ಲ ಅಂದ್ರೆ ತಪ್ಪು ನಿನ್ನ ಮನಸ್ಸಿನದೇ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯೊಂದು 14 ಅಧ್ಯಯನಗಳ, 3,500ಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಒಟ್ಟಿಗೆ ನೋಡಿತು. ಚಿಕಿತ್ಸೆಗೆ ಮುಂಚಿನ ಆತಂಕ, ಖಿನ್ನತೆಗೂ ಆ ಸೈಕಲ್‌ನಲ್ಲಿ, ಅಂದ್ರೆ ಆ ಒಂದು ಸುತ್ತಿನ ಚಿಕಿತ್ಸೆಯಲ್ಲಿ, ಗರ್ಭ ನಿಲ್ಲೋದಕ್ಕೂ ನಂಟು ಕಾಣಲಿಲ್ಲ. ಮನಸ್ಸಿಗೆ ಆರೈಕೆ ಬೇಕಿರೋದು ಮಗುವಿಗೋಸ್ಕರ ಅಲ್ಲ, ಆ ಹೆಣ್ಣಿಗೋಸ್ಕರ.

ಐವಿಎಫ್‌ನಲ್ಲಿ (ಅಂಡಾಣು, ವೀರ್ಯಾಣುವನ್ನ ಲ್ಯಾಬಿನಲ್ಲಿ ಸೇರಿಸಿ ಭ್ರೂಣವನ್ನ ಗರ್ಭಕೋಶದೊಳಗಿಡೋ ಚಿಕಿತ್ಸೆ) ಜೀವ ಹಿಂಡೋದು ಸೂಜಿಗಿಂತ ಹೆಚ್ಚಾಗಿ ಭ್ರೂಣ ಒಳಗಿಟ್ಟ ಮೇಲಿನ ಸುಮಾರು ಎರಡು ವಾರ. ಅಲ್ಲೀತನಕ ಸ್ಕ್ಯಾನ್, ಇಂಜೆಕ್ಷನ್ ಅಂತ ಏನಾದರೂ ಮಾಡೋದಿರುತ್ತೆ. ಆಮೇಲೆ ಬರೀ ಕಾಯೋದು. ಜೊತೆಗೆ ಗರ್ಭ ನಿಲ್ಲೋಕೆ ನೆರವಾಗಲಿ ಅಂತ ಕೊಡೋ ಪ್ರೊಜೆಸ್ಟರಾನ್ ಹಾರ್ಮೋನು. ಅದರಿಂದ ಸ್ತನ ಭಾರ, ಹೊಟ್ಟೆ ಉಬ್ಬರ, ಸುಸ್ತು. ಬಸುರಿನ ಶುರುವಿನಲ್ಲೂ ಇವೇ, ಮುಟ್ಟಿಗೆ ಮುಂಚೆಯೂ ಇವೇ. ಹಾಗಾಗಿ ಮೈ ಕೊಡೋ ಸುಳಿವು ಯಾವುದನ್ನೂ ನಂಬೋ ಹಾಗಿಲ್ಲ. ಬೆಳಗಿನ ಜಾವ ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ಟೆಸ್ಟ್ ಪಟ್ಟಿಗೆ ಮೊಬೈಲ್ ಟಾರ್ಚ್ ಹಿಡಿದು, ಎರಡನೇ ಗೆರೆ ಇದೆಯಾ ಅಂತ ಓರೆ ಮಾಡಿ ಮಾಡಿ ನೋಡೋದು ಶುರುವಾಗೋದು ಇಲ್ಲೇ. ಅಂಡಾಣು ಹೊರತೆಗೆಯೋ ಮುಂಚೆ ಅದು ಮಾಗಲಿ ಅಂತ ಕೊಡೋ ಎಚ್‌ಸಿಜಿ ಟ್ರಿಗರ್ ಇಂಜೆಕ್ಷನ್ (ಟೆಸ್ಟ್ ಪಟ್ಟಿ ಹುಡುಕೋದೂ ಇದೇ ಹಾರ್ಮೋನನ್ನ) ತಗೊಂಡಿದ್ದರೆ ಅದರ ಅಂಶವೇ ಹತ್ತು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಮೈಯಲ್ಲುಳಿದು ಸುಳ್ಳು ಗೆರೆ ಮೂಡಿಸಬಹುದು. ಬೇಗ ನೋಡಿದರೆ ನಿಜವಾದ ಬಸುರೂ ಕಾಣದೇ ಹೋಗಬಹುದು. ಗೆರೆ ಇಲ್ಲ, ಚೂರು ರಕ್ತ ಕಂಡಿತು ಅಂತ ಪ್ರೊಜೆಸ್ಟರಾನ್ ನಿಲ್ಲಿಸಿಬಿಡೋರಿದ್ದಾರೆ. ದಯವಿಟ್ಟು ಬೇಡ, ರಕ್ತಪರೀಕ್ಷೆ ಆಗಲಿ.

ಫಲಿತಾಂಶದ ಫೋನು ಯಾರು ಎತ್ತಬೇಕು, ಎಷ್ಟು ಹೊತ್ತಿಗೆ ಬರಬೇಕು ಅನ್ನೋದನ್ನ ಆಸ್ಪತ್ರೆಗೆ ಮೊದಲೇ ತಿಳಿಸಿ. ಆಫೀಸಿನ ಮೀಟಿಂಗ್ ಮಧ್ಯೆ ‘ನೆಗೆಟಿವ್’ ಕೇಳಿಸಿಕೊಂಡು ಮತ್ತೆ ಹೋಗಿ ಕೂರೋ ಶಿಕ್ಷೆ ಯಾಕೆ? ಎಷ್ಟು ಸೈಕಲ್, ಎಷ್ಟು ದುಡ್ಡು ಅನ್ನೋದೂ ಶುರುವಿಗೆ ಮುಂಚೆಯೇ ಗಂಡ ಹೆಂಡತಿ ಕೂತು ಬರೆದಿಟ್ಟುಕೊಳ್ಳೋ ಲೆಕ್ಕ. ಸೋತ ದಿನ ತಗೊಳ್ಳೋ ತೀರ್ಮಾನ ದುಃಖದ್ದು.

ಸೈಕಲ್ ಕೈಕೊಟ್ಟರೆ ಅಳು ಸಹಜ. ಆದರೆ ಎರಡು ವಾರ ಕಳೆದರೂ ನಿದ್ದೆ ಹತ್ತದೆ, ಯಾವುದೂ ಬೇಡ ಅನಿಸ್ತಿದ್ದರೆ ಮನೋವೈದ್ಯರನ್ನೋ ಆಪ್ತಸಲಹೆಗಾರರನ್ನೋ ನೋಡಿ. ಸಾಯೋ ಯೋಚನೆ ಬಂದರೆ ಎರಡು ವಾರ ಇರಲಿ, ಎರಡು ದಿನವೂ ಕಾಯಬೇಡಿ, ಅವತ್ತೇ ಹೋಗಿ. ಖಿನ್ನತೆಗೆ ಈಗಾಗಲೇ ಮಾತ್ರೆ ತಗೊಳ್ತಿರೋರು ಗರ್ಭಕ್ಕೆ ತೊಂದರೆ ಅಂತ ಹೆದರಿ ತಾವಾಗೇ ನಿಲ್ಲಿಸಬಾರದು. ಮನೋವೈದ್ಯರು, ಐವಿಎಫ್ ಡಾಕ್ಟರು ಇಬ್ಬರಲ್ಲಿ ಒಬ್ಬರು ಕೊಟ್ಟ ಔಷಧಿ ಇನ್ನೊಬ್ಬರಿಗೆ ಗೊತ್ತಿರಲಿ.

ಇನ್ನು ನೆಂಟರು, ಗೆಳತಿಯರು: ‘ಏನಾಯ್ತೇ?’ ಅಂತ ಮೆಸೇಜ್ ಬೇಡ. ನಿಮ್ಮ ಬಸುರಿನ ಸುದ್ದಿಯನ್ನೂ ತುಂಬಿದ ಕೋಣೆಯಲ್ಲಿ ಹೇಳದೆ ಮುಂಚೆಯೇ ಅವಳಿಗೊಂದು ಸಾಲು ಬರೆದು ಕಳಿಸಿ, ‘ಉತ್ತರ ಬರೀಲೇಬೇಕು ಅಂತೇನಿಲ್ಲ’ ಅಂತ ಕೊನೆಗೆ ಸೇರಿಸಿ.