"ಬೇರೆ ಕಾರ್ಡ್ ಇದ್ಯಾ ಮೇಡಂ" ಅಂತೆ!

ಇನ್ನೂ ಕೈ ನಡುಗ್ತಿದೆ. ಮನೆಗೆ ಬಂದು ಎರಡು ಗಂಟೆ ಆಯ್ತು, ಬಟ್ಟೆ ಕೂಡ ಬದಲಾಯಿಸಿಲ್ಲ. ಒಂದು ಆ್ಯಪ್‌ನೋರು ಇಡೀ ವರ್ಷದ ಚಂದಾ ದುಡ್ಡನ್ನ ನನ್ ಖಾತೆಯಿಂದ ಒಂದೇ ಏಟಿಗೆ ಎಳ್ಕೊಂಡಿದಾರೆ, ಅದೂ ತಿಂಗಳ ಕೊನೇಲಿ, ಅದೂ ನಾನು ಎಲ್ರ ಮುಂದೆ "ಇವತ್ತಿನ ಬಿಲ್ ನಂದು, ಯಾರೂ ಕೈ ಹಾಕ್ಬೇಡಿ" ಅಂದ ದಿನಾನೇ.

ಕೌಂಟರ್ ಹುಡುಗ ಮೊದಲ ಸಲ ಕಾರ್ಡ್ ಹಾಕಿದಾಗ ನೆಟ್‌ವರ್ಕ್ ಇರ್ಬೇಕು ಅಂದೆ. ಎರಡನೇ ಸಲ ಪಿನ್ ತಪ್ಪಾಯ್ತೇನೋ ಅಂದೆ, ತಪ್ಪಾಗಿರ್ಲಿಲ್ಲ. ಮೂರನೇ ಸಲ ಅವನು ಚೀಟಿ ಹರಿದು ನನ್ ಕಡೆ ತಿರುಗಿಸಿ, ಖಾತೇಲಿ ದುಡ್ಡಿಲ್ಲ ಅನ್ನೋ ಸಾಲಿನ ಮೇಲೇ ಬೆರಳಿಟ್ಟು ತೋರಿಸ್ದ. ಆಮೇಲೆ ಆ ಮಾತು. "ಬೇರೆ ಕಾರ್ಡ್ ಇದ್ಯಾ ಮೇಡಂ?" ಸ್ವಲ್ಪ ಮೆಲ್ಲಗೆ ಕೇಳಿದ್ರೆ ಅವನ ಗಂಟೇನು ಹೋಗ್ತಿತ್ತು? ಹಿಂದೆ ಸಾಲಲ್ಲಿ ಯಾರೋ ಲೊಚಗುಟ್ಟಿದ್ರು. ಇನ್ನೊಂದು ಕಾರ್ಡ್ ಇಲ್ಲ ಅಂತ ಗೊತ್ತಿದ್ದೂ ಬ್ಯಾಗಿನ ಮೂರೂ ಜಿಪ್ ತೆಗೆದು ಹುಡುಕ್ದೆ, ಯಾಕಂದ್ರೆ ತಲೆ ಎತ್ತಿದ್ರೆ ಎಲ್ರ ಮುಖ ನೋಡ್ಬೇಕಿತ್ತು. ಅಷ್ಟೊತ್ತಿಗೆ ನಮ್ ಟೀಮಿಗೆ ಮೊನ್ನೆ ಮೊನ್ನೆ ಸೇರಿದ ಹುಡುಗಿ "ಬಿಡಿ ಮೇಡಂ, ನಾನು ಕೊಡ್ತೀನಿ" ಅಂತ ಫೋನ್ ಚಾಚಿದ್ಲು. ಮೊದಲ ಸಂಬಳದ ದಿನ ಅವಳನ್ನ ಕೂರಿಸ್ಕೊಂಡು "ಮೊದ್ಲು ಉಳಿಸೋದು ಕಲಿ" ಅಂತ ಬುದ್ಧಿ ಹೇಳಿದ್ದು ನಾನೇ. ಅವಳು ಕಷ್ಟಪಟ್ಟು ದುಡಿದ ದುಡ್ಡು ಅದು.

ಕಾರಣ ಆ ಆ್ಯಪ್. ಬೆಳಗ್ಗೆ ಬೇಗ ಏಳೋದು, ಖರ್ಚು ಬರೆದಿಡೋದು, ಹೀಗೆ ಒಳ್ಳೇ ಅಭ್ಯಾಸ ಕಲಿಸ್ತೀವಿ, ಬರೀ 21 ದಿನ ಸಾಕು, ಮೊದಲ ವಾರ ಫ್ರೀ ಅಂದ್ರು. ನಾಕು ದಿನ ನೋಡಿ ಬಿಟ್ಟೆ, ಕ್ಯಾನ್ಸಲ್ ಮಾಡೋದು ಮರ್ತೋಯ್ತು. ಸರಿ, ನಂದೇ ತಪ್ಪು, ಕಾರ್ಡ್ ನಂಬರ್ ಕೊಟ್ಟೋಳು ನಾನೇ ಅಲ್ವಾ.

ಇಲ್ಲ ರೀ, ನಂದ್ಯಾಕೆ ತಪ್ಪು? ಆ 21 ದಿನದ ಲೆಕ್ಕಾನೇ ಬುಡ ಇಲ್ಲದ್ದು. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನೋ ಪ್ಲಾಸ್ಟಿಕ್ ಸರ್ಜನ್, ಆಪರೇಷನ್ ಆದ ರೋಗಿಗಳಿಗೆ ಹೊಸ ಮುಖ ಒಗ್ಗೋಕೆ ಕಡಿಮೆ ಅಂದ್ರೂ ಸುಮಾರು 21 ದಿನ ಬೇಕು ಅಂತ ಬರೆದಿದ್ದು. ಆ "ಕಡಿಮೆ ಅಂದ್ರೂ" ಅನ್ನೋದನ್ನ ನುಂಗಿ ಹಾಕಿ ಮಾರ್ತಿದಾರೆ. ಲಂಡನ್‌ನಲ್ಲಿ ಫಿಲಿಪಾ ಲ್ಯಾಲಿ ಅನ್ನೋ ಸಂಶೋಧಕಿ ಮತ್ತವರ ಜೊತೆಯವರು 96 ಜನರ ಮೇಲೆ ನಿಜವಾಗಿ ಅಧ್ಯಯನ ಮಾಡಿ ನೋಡಿದಾಗ ಒಂದು ಅಭ್ಯಾಸ ಮೈಗೂಡೋಕೆ ಬೇಕಾಗಿದ್ದು ಹೆಚ್ಚುಕಮ್ಮಿ 66 ದಿನ, ಅದೂ ಒಬ್ಬೊಬ್ರಿಗೆ ಒಂದೊಂದು ಥರ, 18ರಿಂದ 254ರ ತನಕ! ನಾಕು ದಿನಕ್ಕೆ ಬಿಟ್ಟೆ ಅಂತ ನನ್ನನ್ನೇ ನಾನು ಸೋಮಾರಿ ಅಂದ್ಕೊಂಡು ಕೊರಗಿದ್ನಲ್ಲ.

ಈಗ ಕ್ಯಾನ್ಸಲ್ ಮಾಡೋಣ ಅಂದ್ರೆ ಆ ಬಟನ್ನೇ ಕಾಣಲ್ಲ. ಸೆಟ್ಟಿಂಗ್ಸ್, ಅಕೌಂಟ್, ಪ್ಲಾನ್, ಅದರೊಳಗೆ ಬೂದು ಬಣ್ಣದಲ್ಲಿ ಇರುವೆ ಗಾತ್ರದ ಅಕ್ಷರ. ಒತ್ತಿದ್ರೆ ಯಾಕೆ ಹೋಗ್ತಿದೀರ, ನಿಜವಾಗ್ಲೂ ಹೋಗ್ತೀರಾ, ಅರ್ಧ ಬೆಲೆಗೆ ಕೊಟ್ರೆ ಇರ್ತೀರಾ. ಆರು ಸ್ಕ್ರೀನ್ ಎಣಿಸ್ದೆ. ಸೇರೋವಾಗ ಒಂದೇ ಇತ್ತು! ಈ ಥರದ ಮೋಸಕ್ಕೆ ಡಾರ್ಕ್ ಪ್ಯಾಟರ್ನ್ ಅಂತ ಹ್ಯಾರಿ ಬ್ರಿಗ್ನಲ್ ಅನ್ನೋ ಡಿಸೈನರ್ 2010ರಲ್ಲೇ ಹೆಸರಿಟ್ಟಿದಾರೆ. ಒಳಗೆ ಹೋಗೋಕೆ ಸಲೀಸು, ಹೊರಗೆ ಬರೋಕೆ ದಾರಿ ಇಲ್ಲ, ಜಿರಳೆ ಹಿಡಿಯೋ ಡಬ್ಬಿ ಥರ. ದುಡ್ಡು ಕಿತ್ಕೊಳ್ಳೋ ಹಿಂದಿನ ದಿನ ಒಂದು ಮೆಸೇಜ್ ಹಾಕೋಕೆ ಏನು ಧಾಡಿ ಇವರಿಗೆ? "ನೀರು ಕುಡಿದ್ರಾ" ಅಂತ ದಿನಕ್ಕೆ ಎಂಟು ಸಲ ಕಿರುಚ್ತಿತ್ತಲ್ಲ ಆ ಆ್ಯಪ್ಪು! ಇಂಥದ್ದನ್ನ ಕೂತು ಡಿಸೈನ್ ಮಾಡೋರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಉತ್ತರ ಕೊಡಿ, ನಿಮ್ಮಮ್ಮನ ಖಾತೆಯಿಂದ ಹಿಂಗೇ ಹೋದ್ರೆ ಸುಮ್ನಿರ್ತೀರಾ?

ಯಾರೂ ಕೊಡಲ್ಲ, ಗೊತ್ತು. ರೀಫಂಡ್‌ಗೆ ಬರೆದೆ, ಬಂದಿದ್ದು ಮಷೀನ್ ಉತ್ತರ. ಹೋಗ್ಲಿ, ದುಡ್ಡಿನ ಆಸೆ ಬಿಟ್ಟೆ. ಬಿಟ್ಟೆ ಅಂತೀನಿ, ಹತ್ತು ನಿಮಿಷಕ್ಕೊಂದ್ಸಲ ಮೇಲ್ ತೆಗೆದು ನೋಡ್ತಿದೀನಿ.

ಈಗಷ್ಟೇ ಆ ಹುಡುಗಿ ಮೆಸೇಜ್ ಬಂತು. "ಅರ್ಜೆಂಟ್ ಏನಿಲ್ಲ ಮೇಡಂ, ಸಂಬಳ ಆದ್ಮೇಲೆ ಕೊಡಿ." ಏನಂತ ರಿಪ್ಲೈ ಮಾಡ್ಲಿ?