ಮನೆಯವರು ಕೇಳದ ಪ್ರಶ್ನೆ

1956ರ ನವೆಂಬರ್ 1ರಂದು ಹದಿನೈದು ವರ್ಷ ಆಗಿದ್ದವರಿಗೆ ಈಗ ಎಂಬತ್ತೈದರ ಆಸುಪಾಸು. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ಬುದ್ಧಿ ಬಂದ ಮೇಲೆ ಕಂಡವರು ನಮ್ಮ ಊರುಗಳಲ್ಲಿ ಇನ್ನು ಕೆಲವರೇ ಇದ್ದಾರೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು, ಅದು ಜಾರಿಗೆ ಬಾರದೆ ಹೋದದ್ದು ಪುಸ್ತಕಗಳಲ್ಲಿ ಸಿಗುತ್ತದೆ. ಕಯ್ಯಾರ ಕಿಞ್ಞಣ್ಣ ರೈಗಳಂಥ ಹಿರಿಯರ ಮಾತು, ಬರಹ ಉಳಿದಿದೆ. ಆದರೆ ಆ ದಿನಗಳಲ್ಲಿ ಕನ್ನಡ ಶಾಲೆಗೆ ಹೋಗುತ್ತಿದ್ದ ಒಬ್ಬ ಹುಡುಗಿಗೆ ಏನನ್ನಿಸಿತು? ರಾತ್ರಿ ಅಡಿಕೆ ಸುಲಿಯಲು ಕೂತವರು ಏನು ಮಾತಾಡಿಕೊಂಡರು? ಇದನ್ನು ಯಾರೂ ಬರೆದಿಡಲಿಲ್ಲ. ಹೇಳಬಲ್ಲವರು ಇನ್ನೂ ಇದ್ದಾರೆ. ಅವರ ಮಾತು ರೆಕಾರ್ಡ್ ಆಗಬೇಕು, ಅದೂ ಈ ವರ್ಷವೇ.

ಸರಿ, ಕೇಳುವವರು ಯಾರು? ಮೊಮ್ಮಕ್ಕಳು ಕೇಳಲಿ ಅಂತ ಎಲ್ಲರೂ ಹೇಳುತ್ತಾರೆ. ಕೇಳಲೇಬೇಕು. ಆದರೆ ಮನೆಯವರಷ್ಟೇ ಕೇಳಿದರೆ ಸಾಲದು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ನನ್ನ ಸೋದರತ್ತೆಯಿಂದ.

ಅತ್ತೆ ಬಿದ್ದು ಸೊಂಟದ ಎಲುಬು ಮುರಿದುಕೊಂಡಾಗ ನೋಡಿಕೊಳ್ಳಲು ಕಣ್ಣೂರು ಕಡೆಯ ಒಬ್ಬ ಹೋಂ ನರ್ಸ್ ಬಂದಿದ್ದರು. ಅವರಿಗೆ ಕನ್ನಡ ಬಾರದು, ಅತ್ತೆಯದು ಅರೆಬರೆ ಮಲಯಾಳ. ಮಧ್ಯಾಹ್ನ ಹೊತ್ತು ಹೋಗದೆ ಆಕೆ ಸುಮ್ನೆ ಕೇಳಿದರಂತೆ, "ಅಮ್ಮಾ, ಚಿಕ್ಕವರಿದ್ದಾಗ ನಿಮಗೆ ಏನಾಗಬೇಕು ಅಂತ ಇತ್ತು?" ಅತ್ತೆ ತಡಮಾಡದೆ ಹೇಳಿದರಂತೆ, ಅಂಚೆ ಕಚೇರಿಯಲ್ಲಿ ಸೀಲು ಹೊಡೆಯುವ ಕೆಲಸ ಬೇಕಿತ್ತು ಅಂತ. ಶಾಲೆಗೆ ಹೋಗುವ ದಾರಿಯಲ್ಲಿ ಅಂಚೆ ಕಚೇರಿ ಇತ್ತು. ಮಳೆಗಾಲದಲ್ಲಿ ಸಂಕ ದಾಟಿ ಒದ್ದೆಯಾಗಿ ಬಂದು ಅದರ ಮಾಡಿನ ಕೆಳಗೆ ನಿಲ್ಲುತ್ತಿದ್ದರು. ಒಳಗಿನಿಂದ ಟಪ್ ಟಪ್ ಅಂತ ಸದ್ದು ಕೇಳುತ್ತಿತ್ತು. ಆ ಕಾಗದಗಳೆಲ್ಲ ಎಲ್ಲೆಲ್ಲಿಗೆ ಹೋಗುತ್ತವೆ ಅಂತ ಯೋಚಿಸುತ್ತಾ ನಿಂತು ಶಾಲೆಗೆ ತಡವಾಗಿ ಪೆಟ್ಟು ತಿಂದದ್ದೂ ಇತ್ತು.

ನಮ್ಮ ಕುಟುಂಬದಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ನಮಗೆ ಅತ್ತೆ ಅಂದರೆ ಮಾವಿನ ಮಿಡಿ ಉಪ್ಪಿನಕಾಯಿ, ಹಪ್ಪಳ, ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳುವವರು. ಅವರಿಗೆ ಒಂದು ಆಸೆ ಇತ್ತು ಅಂತ ನಾವು ಯೋಚಿಸುವ ಸಂದರ್ಭವೇ ಬರಲಿಲ್ಲ. ಹೊರಗಿನವರಿಗೆ ಏನೂ ಗೊತ್ತಿಲ್ಲ, ಹಾಗಾಗಿ ಅವರು ಎಲ್ಲವನ್ನೂ ಕೇಳುತ್ತಾರೆ. ಹೇಳುವವರಿಗೂ ಹಗುರ. ಹೇಳಿದ ಮಾತು ನಾಳೆ ಚಾವಡಿಯಲ್ಲಿ ಚರ್ಚೆಗೆ ಬರುವ ಹೆದರಿಕೆ ಇಲ್ಲ ಅಲ್ವಾ.

ಅಮೆರಿಕದಲ್ಲಿ ಡೇವ್ ಐಸೇ ಎಂಬ ರೇಡಿಯೋ ನಿರ್ಮಾಪಕರು 2003ರಲ್ಲಿ ಸ್ಟೋರಿಕಾರ್ಪ್ಸ್ ಶುರು ಮಾಡಿದರು. ಶುರುವಿನಲ್ಲಿ ಇದ್ದದ್ದು ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಒಂದು ಸಣ್ಣ ಕೋಣೆ. ತಾಯಿ ಮಗಳು, ಗಂಡ ಹೆಂಡತಿ, ಹಳೆಯ ಗೆಳೆಯರು, ಹೀಗೆ ಇಬ್ಬರು ಬಂದು ಎದುರುಬದುರು ಕೂರುತ್ತಾರೆ, 40 ನಿಮಿಷ ಮಾತಾಡುತ್ತಾರೆ. ಜೊತೆಗೆ ಸಂಸ್ಥೆಯ ಒಬ್ಬರು ಇರುತ್ತಾರೆ. ಧ್ವನಿಯ ಒಂದು ಪ್ರತಿ ಅವರಿಗೆ, ಒಪ್ಪಿದರೆ ಇನ್ನೊಂದು ಪ್ರತಿ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ. ಅಲ್ಲಿಗೆ ಹೋಗಲು ದೊಡ್ಡ ಮನುಷ್ಯರಾಗಿರಬೇಕಿಲ್ಲ ಎಂಬುದು ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಸಂದರ್ಶನ ಅಂದರೆ ಸನ್ಮಾನ ಆದವರದ್ದು ಮಾತ್ರ. ದೇಶ ವಿಭಜನೆಯನ್ನು ಕಂಡವರ ನೆನಪುಗಳನ್ನು ಹೀಗೆಯೇ ಸಾಮಾನ್ಯ ಜನರಿಂದ ಕೇಳಿ ಕೂಡಿಟ್ಟವರು ದಿ 1947 ಪಾರ್ಟಿಷನ್ ಆರ್ಕೈವ್‌ನವರು. ಹತ್ತು ಸಾವಿರಕ್ಕೂ ಜಾಸ್ತಿ ಜನರ ಮಾತು ಅಲ್ಲಿದೆ.

ನಮ್ಮಲ್ಲಿ ಹಾಗೆ ಕೇಳಬೇಕಾದವರು ಎಷ್ಟು ಜನ! ಬಾಯಾರು, ಪಡ್ರೆ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ಕೊರೆದವರನ್ನೇ ನೋಡಿ. ಒಬ್ಬರು ಬಗ್ಗಿ ಹೋಗುವಷ್ಟೇ ಜಾಗ. ಕೈಯಲ್ಲಿ ಪಿಕ್ಕಾಸು, ಹತ್ತಿರ ಒಂದು ಮೇಣದ ಬತ್ತಿ. ಬತ್ತಿ ಆರತೊಡಗಿದರೆ ಗಾಳಿ ಸಾಲದು, ಹೊರಗೆ ಬರಬೇಕು. ನೀರು ಎಲ್ಲಿ ಸಿಗಬಹುದು ಅಂತ ಗಿಡಮರ, ಹುತ್ತ, ಮಣ್ಣಿನ ತೇವ ನೋಡಿ ಹೇಳುತ್ತಿದ್ದರು. ಮಗನಿಗೆ ಇದೆಲ್ಲ ಗೊತ್ತು, ಹಾಗಾಗಿ ಅಪ್ಪ ಅವನಿಗೆ ವಿವರಿಸುವುದಿಲ್ಲ. ಹೊರಗಿನವರು ಕೇಳಿದಾಗಲೇ ಮೊದಲಿನಿಂದ ಬಿಡಿಸಿ ಹೇಳುತ್ತಾರೆ. ಆದರೆ ಮಗ ಪಕ್ಕದಲ್ಲಿ ಇರಲೇಬೇಕು. "ಅಪ್ಪಾ, ಆ ಮನೆಯವರ ಗುಡ್ಡದಲ್ಲಿ ಕಲ್ಲು ಸಿಕ್ಕಿ ಅರ್ಧಕ್ಕೆ ಬಿಟ್ಟದ್ದು ಹೇಳಿ" ಅಂತ ನೆನಪು ಮಾಡಲು ಅವನೇ ಬೇಕು. ನಾನು ಹೇಳುತ್ತಿರುವುದು ಇಷ್ಟೇ: ಒಬ್ಬರು ಮನೆಯವರು, ಒಬ್ಬರು ಹೊರಗಿನವರು, ಇಬ್ಬರೂ ಕೂರಲಿ.

ಎಂಡೋಸಲ್ಫಾನ್ ಕೀಟನಾಶಕದ ವಿಷಯ ಬೇರೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ, 2000ದವರೆಗೆ ಹೆಲಿಕಾಪ್ಟರಿನಲ್ಲಿ ವಿಷ ಸುರಿದರು. ಮಕ್ಕಳ ಕಾಯಿಲೆಯಿಂದ ನೊಂದ ಎಣ್ಮಕಜೆಯ ತಾಯಂದಿರ ಹತ್ತಿರ ಎಷ್ಟೋ ಹೊರಗಿನವರು ಬಂದಿದ್ದಾರೆ, ಕ್ಯಾಮೆರಾ ತಂದಿದ್ದಾರೆ. ಅದರಿಂದ ಜಗತ್ತಿಗೆ ಸತ್ಯ ಗೊತ್ತಾಯಿತು, ಆ ಕೆಲಸ ಆಗಲೇಬೇಕಿತ್ತು. ಆದರೆ ಕೇಳಿದ್ದೆಲ್ಲ ಕಾಯಿಲೆಯ ಬಗ್ಗೆ, ಪರಿಹಾರದ ಬಗ್ಗೆ. ಆ ತಾಯಿಗೆ ಯಾವ ಯಕ್ಷಗಾನ ಪ್ರಸಂಗ ಇಷ್ಟ, ತವರಿನಲ್ಲಿ ಯಾರ ಜೊತೆ ಜಗಳ ಆಡುತ್ತಿದ್ದರು, ಮಗು ಮೊದಲ ಸಲ ನಕ್ಕದ್ದು ಯಾವಾಗ? ಇದನ್ನೂ ಕೇಳಬೇಕು ಅಲ್ವಾ. ದುಃಖವನ್ನು ಮಾತ್ರ ಕೇಳಿಕೊಂಡು ಹೋದರೆ ಅದು ಅನ್ಯಾಯ.

ಮಾಡುವವರಿಗೆ ಕೆಲವು ಮಾತು. ಫೋನು ಸಾಕು. ಫ್ಯಾನು ಆರಿಸಿ, ಟಿವಿ ಆರಿಸಿ. ಶುರುವಿನಲ್ಲೇ ಹೆಸರು, ಊರು, ತಾರೀಕು ಹೇಳಿಸಿ. ತುಳುವೋ, ಹವ್ಯಕವೋ, ಬ್ಯಾರಿಯೋ, ಮರಾಟಿಯೋ, ಅವರು ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಲಿ. "ಕನ್ನಡದಲ್ಲಿ ಹೇಳಿ ಅಜ್ಜೀ" ಅಂತ ಒತ್ತಾಯ ಬೇಡ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ, ಮುಂದಿನ ಪ್ರಶ್ನೆಗೆ ಅವಸರ ಮಾಡಬೇಡಿ. ರೆಕಾರ್ಡ್ ಮಾಡಿದ್ದನ್ನು ವಾಪಸ್ ಕೇಳಿಸಿ. "ಇದು ತೆಗೆದುಬಿಡು ಮಗಾ" ಅಂದರೆ ತೆಗೆಯಲೇಬೇಕು. ಕೇಳದೆ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ. ಅತ್ತೆಯ ಅಂಚೆ ಕಚೇರಿಯ ವಿಷಯ ಇಲ್ಲಿ ಬರೆಯುವ ಮೊದಲು ನಾನು ಅವರನ್ನು ಕೇಳಿದ್ದೇನೆ, ಬರಿ ಅಂದರು.

ಸ್ಟೋರಿಕಾರ್ಪ್ಸಿನವರು ಈಚಿನ ವರ್ಷಗಳಲ್ಲಿ ರಾಜಕೀಯವಾಗಿ ಒಬ್ಬರಿಗೊಬ್ಬರು ಆಗದ ಅಪರಿಚಿತರನ್ನೂ ಕೂರಿಸುತ್ತಿದ್ದಾರೆ. ವಾದಕ್ಕೆ ಅಲ್ಲ, ಬದುಕಿನ ಕತೆ ಹೇಳಿಕೊಳ್ಳಲು. ಗಡಿಯಲ್ಲಿರುವ ನಮಗೆ ಇದು ಬೇರೆಯವರಿಗಿಂತ ಜಾಸ್ತಿ ಬೇಕು. ಕನ್ನಡ ಮೇಷ್ಟ್ರು ಮತ್ತು ಅದೇ ಶಾಲೆಯ ಮಲಯಾಳ ಟೀಚರ್ ಒಂದು ಮಧ್ಯಾಹ್ನ ಹೀಗೆ ಕೂತರೆ ಏನೆಲ್ಲ ಬರಬಹುದು!

ಪೆರ್ಲ, ಬದಿಯಡ್ಕ, ಸೀತಾಂಗೋಳಿ ಕಡೆ ಯಾರ ಮನೆಯಲ್ಲಾದರೂ ಹಿರಿಯರ ಎದುರು ಕೂತು ಕೇಳಲು ಒಬ್ಬ ಹೊರಗಿನವರು ಬೇಕಿದ್ದರೆ ಕಮೆಂಟಿನಲ್ಲಿ ತಿಳಿಸಿ, ನಾನು ಬರುತ್ತೇನೆ. ಭಾನುವಾರ ಆದರೆ ಒಳ್ಳೆಯದು. ತುಳು, ಮಲಯಾಳ ಮಾತಾಡುತ್ತೇನೆ. ಬ್ಯಾರಿ ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ. ಅದಕ್ಕೆ ಮನೆಯವರು ಜೊತೆಗಿರಲಿ.