ಸತ್ಯಾಂಶ: ಯುರೋಪಿನಲ್ಲಿ ಕುಡಿಯೋಕೆ ವಯಸ್ಸಿನ ಮಿತಿ ಇಲ್ವಾ?

"ಯುರೋಪಿನಲ್ಲಿ ಮಕ್ಕಳೂ ಊಟದ ಜೊತೆ ವೈನ್ ಕುಡೀತಾರೆ, ವಯಸ್ಸಿನ ಕಾನೂನೇ ಇಲ್ಲ" ಅನ್ನೋ ಮೆಸೇಜ್ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಹಾಗೇನಿಲ್ಲ.

ಫ್ರಾನ್ಸನ್ನೇ ನೋಡಿ. ಒಂದು ಕಾಲದಲ್ಲಿ ಅಲ್ಲಿ ಶಾಲೆಯ ಊಟಕ್ಕೇ ವೈನ್ ಕೊಡುತ್ತಿದ್ದರು, ನಿಜ. 14 ತುಂಬದ ಮಕ್ಕಳಿಗೆ ಅದನ್ನು 1956ರಲ್ಲೇ ನಿಲ್ಲಿಸಿದರು. 2009ರಿಂದ 18 ತುಂಬದವರಿಗೆ ಯಾವ ಮದ್ಯವನ್ನೂ ಮಾರುವಂತಿಲ್ಲ. ಜರ್ಮನಿ ಸ್ವಲ್ಪ ಸಡಿಲ: ಬಿಯರ್, ವೈನ್‌ಗೆ 16, ವಿಸ್ಕಿಯಂಥದ್ದಕ್ಕೆ 18. ಸ್ವೀಡನ್ ಪೂರ್ತಿ ಉಲ್ಟಾ. ಬಾರ್‌ನಲ್ಲಿ ಕೂತು ಕುಡಿಯಲು 18 ಸಾಕು. ಸರ್ಕಾರಿ ಮದ್ಯದಂಗಡಿ ಸಿಸ್ಟೆಮ್‌ಬೊಲಾಗೆಟ್‌ನಲ್ಲಿ ಬಾಟಲಿ ಕೊಳ್ಳಲು 20 ಆಗಿರಬೇಕು. ಭಾನುವಾರ ಅದೂ ಬಂದ್! ಲಿಥುವೇನಿಯಾ 2018ರಲ್ಲಿ ಮಿತಿಯನ್ನು 18ರಿಂದ 20ಕ್ಕೆ ಏರಿಸಿತು.

ಮತ್ತೆ ಈ ಗೊಂದಲ ಯಾಕೆ? ಹೆಚ್ಚಿನ ಕಡೆ ಕಾನೂನು ಹಿಡಿಯುವುದು ಮಾರುವವರನ್ನು. ಮನೆಯಲ್ಲಿ ಅಪ್ಪ-ಅಮ್ಮ ಕೊಟ್ಟ ಗುಟುಕಿನ ಗೋಜಿಗೆ ಅದು ಅಷ್ಟಾಗಿ ಹೋಗುವುದಿಲ್ಲ.